ಉಪಾಧ್ಯಾಯಿನಿ ಶಾರ್ಲೊಟ್ ಆವರ್‌ಬಾಖ್

ಗಾಂಧಿಬಜಾರಿನ ಹಣ್ಣಿನ ಅಂಗಡಿಗಳಲ್ಲಿ ಅತಿಯಾಗಿ ಮಾಗಿದ ಬಾಳೆಹಣ್ಣಿನ ಸುತ್ತಲೂ ಎಳ್ಳಿನಷ್ಟು ಸಣ್ಣ ನೊಣಗಳು ಹಾರಾಡುವುದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಕಂಡಿರುವರು. ಅವುಗಳನ್ನು ಕೈಬೀಸಿ ಓಡಿಸುವುದಲ್ಲದೆ ನಾವು ಮತ್ತೇನನ್ನೂ ಮಾಡುವುದಿಲ್ಲ. ಆದರೆ ಆ ಅಲ್ಪಪ್ರಾಣಿಯನ್ನು ಸೀಸೆಗಳಲ್ಲಿ ಸಾಕಿ, ಅದರ ಮರಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಎಣಿಸಿ, ಜೀವಿಯ ದೇಹವನ್ನು ಹೊಕ್ಕ ರಾಸಾಯನಿಕ ವಿಷವು ಅದರ ಸಂತತಿಗೂ ಕೇಡನ್ನು ದಾಟಿಸಬಲ್ಲುದೆಂದು ಲೋಕಕ್ಕೆ ತೋರಿಸಿಕೊಟ್ಟ ಮಹಿಳೆಯೊಬ್ಬಳು ಇದ್ದಳು. ಆಕೆಯು ನಮ್ಮಂತೆಯೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಆ ಕೆಲಸದಿಂದ ಹೊರದೂಡಲ್ಪಟ್ಟವಳು. ಈ ಸಂಚಿಕೆಯಲ್ಲಿ ಆಕೆಯ ಚರಿತ್ರೆಯನ್ನು ನಮ್ಮ ಮಕ್ಕಳ ಮುಂದೆ ಇಡಬೇಕೆಂದು ನಾವು ಬಯಸುತ್ತೇವೆ.

ಶಾರ್ಲೊಟ್ ಆವರ್‌ಬಾಖ್ ಎಂಬ ಈ ಮಹಿಳೆಯು 1899ನೆಯ ಇಸವಿ ಮೇ ತಿಂಗಳ 14ನೆಯ ತಾರೀಖಿನಂದು ಜರ್ಮನಿ ದೇಶದ ಕ್ರೇಫೆಲ್ಡ್ ಎಂಬ ಪಟ್ಟಣದಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದಳು. ಆ ಮನೆತನದಲ್ಲಿ ವಿದ್ಯೆಯು ಪಿತ್ರಾರ್ಜಿತ ಸ್ವತ್ತಾಗಿದ್ದಿತು. ತಂದೆಯು ರಸಾಯನಶಾಸ್ತ್ರಜ್ಞ, ತಂದೆಯ ತಂದೆಯಾದ ಲಿಯೊಪೋಲ್ಡ್ ಆವರ್‌ಬಾಖನು ಪ್ರಸಿದ್ಧ ಅಂಗರಚನಾ ಶಾಸ್ತ್ರಜ್ಞ. ಕರುಳಿನ ಗೋಡೆಯಲ್ಲಿರುವ ಒಂದು ನರಜಾಲವನ್ನು ವೈದ್ಯರು ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ. ಬಾಲಕಿಯು ವ್ಯೂರ್ಟ್ಸ್‌ಬುರ್ಗ್, ಫ್ರೈಬುರ್ಗ್, ಬರ್ಲಿನ್ ಈ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಜೀವಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಅಭ್ಯಾಸ ಮಾಡಿ, 1924ರಲ್ಲಿ ಉಪಾಧ್ಯಾಯರ ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆ ಹೊಂದಿ, ಹೈಡೆಲ್‌ಬರ್ಗಿನಲ್ಲಿ ಪಾಠ ಹೇಳಲು ತೊಡಗಿದಳು.

ಆದರೆ ಸಂಶೋಧನೆಯ ಆಸೆಯು ಆಕೆಯ ಮನಸ್ಸನ್ನು ಬಿಟ್ಟುಹೋಗಲಿಲ್ಲ. 1928ರಲ್ಲಿ ಬರ್ಲಿನ್ನಿನ ಹೆಸರಾಂತ ಸಂಶೋಧನಾಲಯವೊಂದನ್ನು ಸೇರಿ ಓಟ್ಟೊ ಮಾಂಗೋಲ್ಡ್ ಎಂಬ ಪಂಡಿತನ ಕೈಕೆಳಗೆ ಕೆಲಸವನ್ನು ಪ್ರಾರಂಭಿಸಿದಳು. ಒಮ್ಮೆ ತನ್ನ ಕೆಲಸದ ದಾರಿಯನ್ನು ಸ್ವಲ್ಪ ಬದಲಾಯಿಸಬಹುದೇ ಎಂದು ಆಕೆಯು ವಿನಯದಿಂದ ಕೇಳಲು, ಶಿಷ್ಯಳಾದವಳು ಹೇಳಿದಷ್ಟನ್ನು ಮಾಡತಕ್ಕದ್ದು, ಆಕೆಯ ಆಲೋಚನೆಗೆ ಅಲ್ಲಿ ಬೆಲೆಯಿಲ್ಲ ಎಂದು ಆತನು ಗದರಿಸಿದನು. ಆಕೆಯು ವಾದಿಸದೆ ಮರುವರ್ಷವೇ ಆ ಸ್ಥಳವನ್ನು ಬಿಟ್ಟು ಪುನಃ ಶಾಲೆಯ ಕೆಲಸಕ್ಕೆ ಹೋದಳು. ಈ ಸಂಗತಿಯನ್ನು ಓದಿದಾಗ ನಮ್ಮ ಮನಸ್ಸು ನಮ್ಮನ್ನೇ ಚುಚ್ಚಿತು. ಮಗ್ಗಿಯನ್ನೂ ವ್ಯಾಕರಣವನ್ನೂ ಮುಗಿಸುವ ಆತುರದಲ್ಲಿ, ಎದ್ದುನಿಂತು ಪ್ರಶ್ನೆ ಕೇಳಿದ ಎಷ್ಟು ಮಂದಿ ಹುಡುಗಿಯರನ್ನು ನಾವು ಸುಮ್ಮನೆ ಕುಳ್ಳಿರಿಸಿದ್ದೇವೆ! ವಿಧೇಯತೆಯು ಸದ್ಗುಣವೇ ಅಹುದು; ಆದರೆ ಪ್ರಶ್ನೆಯನ್ನು ಅವಿಧೇಯತೆಯೆಂದು ಎಣಿಸುವ ಗುರುವು ತನ್ನ ಶಿಷ್ಯೆಯನ್ನೂ ಕಳೆದುಕೊಳ್ಳುವನು, ಆಕೆಯಿಂದ ಬರಬಹುದಾದ ಜ್ಞಾನವನ್ನೂ ಕಳೆದುಕೊಳ್ಳುವನು.

1933ರಲ್ಲಿ ಹಿಟ್ಲರನ ಸರ್ಕಾರವು ಯೆಹೂದ್ಯರನ್ನು ಸರ್ಕಾರಿ ಉದ್ಯೋಗಗಳಿಂದ ತೆಗೆದುಹಾಕುವ ಕಾನೂನನ್ನು ಮಾಡಿತು. ಬರ್ಲಿನ್ನಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಶಾರ್ಲೊಟ್ಟಳು ಯಾವ ತಪ್ಪನ್ನೂ ಮಾಡದೆ, ಹುಟ್ಟಿದ ಕುಲವೊಂದೇ ಕಾರಣವಾಗಿ, ಕೆಲಸವನ್ನು ಕಳೆದುಕೊಂಡಳು. ತಾಯಿಯ ಬುದ್ಧಿವಾದದಂತೆ ಅದೇ ವರ್ಷ ಸ್ವದೇಶವನ್ನು ತೊರೆದು ಹೊರಟಳು. ಐಗುಪ್ತದಿಂದ ಹೊರಟ ತನ್ನ ಪೂರ್ವಿಕರಂತೆ ಆಕೆಗೂ ಹಿಂದೆ ದಾಸತ್ವ, ಮುಂದೆ ಕಾಣದ ದಾರಿ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಪ್ರಾಣಿಗಳ ಅನುವಂಶೀಯತೆಯನ್ನು ಅಭ್ಯಾಸ ಮಾಡುವ ಸಂಸ್ಥೆಯೊಂದಿದ್ದಿತು. ಅದರ ಅಧ್ಯಕ್ಷನಾದ ಕ್ರೂ ಎಂಬಾತನು ಆಕೆಯನ್ನು ಸೇರಿಸಿಕೊಂಡನು. ಮೂವತ್ತನಾಲ್ಕು ವರ್ಷ ವಯಸ್ಸಿನ ಉಪಾಧ್ಯಾಯಿನಿಯು ಪುನಃ ವಿದ್ಯಾರ್ಥಿನಿಯಾದಳು. 1935ರಲ್ಲಿ ಹಣ್ಣಿನ ನೊಣದ ಕಾಲುಗಳು ಬೆಳೆಯುವ ಕ್ರಮವನ್ನು ಕುರಿತು ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದಳು. ಆಮೇಲೆಯೂ ಅಲ್ಪ ಸಂಬಳದ ಸಹಾಯಕಿಯಾಗಿಯೇ ಅಲ್ಲಿ ಉಳಿದಳು. 1939ರಲ್ಲಿ ಬ್ರಿಟಿಷ್ ಪ್ರಜೆಯಾದಳು. ಅದೇ ವರ್ಷ ತಾಯಿಯೂ ಮಗಳನ್ನು ಬಂದು ಸೇರಿದಳು.

ಇಲ್ಲಿ ನಮ್ಮ ಊರಿನ ಒಂದು ಸಂಗತಿಯನ್ನು ಸ್ಮರಿಸಬೇಕು. ಅದೇ 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಯು ಮಲ್ಲೇಶ್ವರಕ್ಕೆ ಸಮೀಪವಾದ ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲಿನಲ್ಲಿ ನಿಂತಿದ್ದರು. ಹೆಂಗಸೆಂಬ ಕಾರಣದಿಂದ ಮೊದಲು ಅವರಿಗೆ ಪ್ರವೇಶವು ದೊರೆಯಲಿಲ್ಲ. ಅವರು ಹಟ ಬಿಡದಿದ್ದುದರಿಂದ ಒಂದು ವರ್ಷದ ಪರೀಕ್ಷೆಯ ಮೇಲೆ ಸೇರಿಸಿಕೊಳ್ಳಲ್ಪಟ್ಟರು. ಮುಂದೆ ಕಮಲಾ ಸೊಹೋನಿ ಎಂಬ ಹೆಸರಿನಿಂದ ಜೀವರಸಾಯನಶಾಸ್ತ್ರದಲ್ಲಿ ಕೀರ್ತಿವಂತರಾದರು. ಬರ್ಲಿನ್ನಿನಲ್ಲಿ ಕುಲವು ಬಾಗಿಲನ್ನು ಮುಚ್ಚಿತು, ಬೆಂಗಳೂರಿನಲ್ಲಿ ಹೆಣ್ತನವು ಮುಚ್ಚಿತು. ಎರಡೂ ಕಡೆ ಬಾಗಿಲನ್ನು ತೆರೆಯಿಸಿದುದು ದೃಢನಿಶ್ಚಯವೇ.

ಹರ್ಮನ್ ಮುಲ್ಲರ್ ಎಂಬ ಅಮೆರಿಕದ ವಿಜ್ಞಾನಿಯು ಎಡಿನ್‌ಬರೋಗೆ ಬಂದನು. ಕ್ಷ-ಕಿರಣಗಳು ತಾಕಿದ ನೊಣಗಳ ಸಂತತಿಯಲ್ಲಿ ಹೊಸ ಮಾರ್ಪಾಟುಗಳು ಹುಟ್ಟುವುವೆಂದು 1927ರಲ್ಲಿ ತೋರಿಸಿ ಹೆಸರಾಗಿದ್ದವನು ಆತನೇ. ತಾಯಿತಂದೆಗಳ ಲಕ್ಷಣಗಳನ್ನು ಮಕ್ಕಳಿಗೆ ಒಯ್ಯುವ ವಂಶವಾಹಿಯಲ್ಲಿ ಶಾಶ್ವತವಾದ ಬದಲಾವಣೆಯಾಗುವುದಕ್ಕೆ ಉತ್ಪರಿವರ್ತನೆಯೆಂದು ಹೆಸರು. ಕ್ರೂ ಎಂಬಾತನು ಶಾರ್ಲೊಟ್ಟಳನ್ನು ಕೇಳದೆಯೇ ಜೀವಕೋಶಗಳನ್ನು ಪರೀಕ್ಷಿಸುವ ಕೆಲಸಕ್ಕೆಂದು ಆಕೆಯನ್ನು ಮುಲ್ಲರನಿಗೆ ಒಪ್ಪಿಸಿದನು. ಆ ಕೆಲಸದಲ್ಲಿ ತನಗೆ ಆಸಕ್ತಿಯಿಲ್ಲವೆಂದು ಆಕೆಯು ಧೈರ್ಯವಾಗಿ ತಿಳಿಸಲು, ಮನಸ್ಸಿಲ್ಲದವರನ್ನು ತಾನು ಬಲವಂತಪಡಿಸುವುದಿಲ್ಲವೆಂದು ಮುಲ್ಲರನು ಸಮಾಧಾನದಿಂದ ಹೇಳಿದನು. ವಂಶವಾಹಿಯ ಸ್ವಭಾವವನ್ನು ಅರಿಯಬೇಕೆಂಬ ಆಸೆಯಿದ್ದರೆ ಉತ್ಪರಿವರ್ತನೆಯನ್ನು ಅಭ್ಯಾಸ ಮಾಡೆಂದು ದಾರಿಯನ್ನೂ ತೋರಿಸಿದನು. ಒಬ್ಬ ಗುರುವು ಗದರಿಸಿ ಕಳೆದುಕೊಂಡ ಶಿಷ್ಯೆಯನ್ನು ಇನ್ನೊಬ್ಬನು ಗೌರವದಿಂದ ಗೆದ್ದುಕೊಂಡನು.

ಆ ವೇಳೆಗೆ ಎರಡನೆಯ ಮಹಾಯುದ್ಧವು ಪ್ರಾರಂಭವಾಗಿದ್ದಿತು. ಮೊದಲನೆಯ ಯುದ್ಧದಲ್ಲಿ, 1917ರಲ್ಲಿ, ಜರ್ಮನರು ಈಪ್ರ್ ಎಂಬ ಸ್ಥಳದಲ್ಲಿ ಸಾಸಿವೆ ಅನಿಲವೆಂಬ ಘೋರವಾದ ವಿಷವನ್ನು ಪ್ರಯೋಗಿಸಿದ್ದರು. ಅದು ತಾಕಿದ ಹುಣ್ಣುಗಳು ಬಹುಕಾಲ ಮಾಯುತ್ತಿರಲಿಲ್ಲ; ಮಾಯ್ದಂತೆ ಕಂಡರೂ ಮತ್ತೆ ಒಡೆಯುತ್ತಿದ್ದವು. ಕ್ಷ-ಕಿರಣದಿಂದಾದ ಹುಣ್ಣುಗಳ ರೀತಿಯೂ ಇದೇ. ಹೊರಗಿನ ಗಾಯವು ಒಂದೇ ಬಗೆಯದಾದರೆ ವಂಶವಾಹಿಗೆ ಆಗುವ ಗಾಯವೂ ಒಂದೇ ಬಗೆಯದಾಗಿರಬಹುದಲ್ಲವೆ ಎಂಬ ಸಂದೇಹವು ಅಲ್ಲಿಯ ಔಷಧಶಾಸ್ತ್ರಜ್ಞರಾದ ಕ್ಲಾರ್ಕ್ ಮತ್ತು ರಾಬ್ಸನ್ ಎಂಬವರಿಗೆ ಉಂಟಾಯಿತು. ಅದನ್ನು ನೊಣಗಳಲ್ಲಿ ಪರೀಕ್ಷಿಸುವ ಭಾರವು ಶಾರ್ಲೊಟ್ಟಳ ಪಾಲಿಗೆ ಬಂದಿತು.

1940ರಲ್ಲಿ ಕೆಲಸವು ಆರಂಭವಾಯಿತು. ಔಷಧಶಾಸ್ತ್ರ ವಿಭಾಗದ ಕಟ್ಟಡದ ಮಾಳಿಗೆಯ ಮೇಲೆ, ತೆರೆದ ಪಾತ್ರೆಯಲ್ಲಿ ಆ ದ್ರವವನ್ನು ಕಾಯಿಸಿ, ಮೇಲೇಳುವ ಅನಿಲವನ್ನು ನೊಣಗಳಿಗೆ ತಾಕಿಸುತ್ತಿದ್ದರು. ರಕ್ಷಣೆಯ ಏರ್ಪಾಡುಗಳು ಅತ್ಯಲ್ಪ. ಆಕೆಯ ಕೈಗಳು ಸುಟ್ಟು ಗಾಯಗಳಾದವು. ಪುನಃ ಸೋಕಿದರೆ ಅಪಾಯವು ಹೆಚ್ಚೆಂದು ಆಕೆಗೆ ಎಚ್ಚರಿಕೆ ಕೊಡಬೇಕಾಯಿತು. ಈ ಸಾಹಸವನ್ನು ಅನುಕರಿಸಿರೆಂದು ನಾವು ನಮ್ಮ ಮಕ್ಕಳಿಗೆ ಹೇಳುವುದಿಲ್ಲ. ಕೈಗವಸು, ಕನ್ನಡಕ, ಗಾಳಿಯನ್ನು ಹೊರಕ್ಕೆ ಸೆಳೆಯುವ ಗೂಡು, ಇವಿಲ್ಲದೆ ವಿಷಪದಾರ್ಥವನ್ನು ಮುಟ್ಟದಿರುವುದೇ ಇಂದಿನ ಶಿಸ್ತು.

ಮಾಳಿಗೆಯ ಮೇಲಿನ ಕೆಲಸಕ್ಕಿಂತ ಮೇಜಿನ ಮುಂದಿನ ಕೆಲಸವೇ ದೀರ್ಘವಾದುದು. ಅನಿಲವು ತಾಕಿದ ಗಂಡು ನೊಣಗಳನ್ನು ಗುರುತುಳ್ಳ ವರ್ಣತಂತುವನ್ನು ಹೊಂದಿರುವ ಹೆಣ್ಣು ನೊಣಗಳೊಡನೆ ಕೂಡಿಸುವರು. ಅವುಗಳಿಗೆ ಹುಟ್ಟಿದ ಹೆಣ್ಣುಗಳಲ್ಲಿ ಆ ಗುರುತುಳ್ಳವುಗಳನ್ನು ಆರಿಸಿ, ಒಂದೊಂದನ್ನೂ ಬೇರೆಬೇರೆ ಸೀಸೆಯಲ್ಲಿಟ್ಟು ಅವುಗಳಿಂದ ಸಂತಾನವನ್ನು ಪಡೆಯುವರು. ಗುರುತುಳ್ಳ ವರ್ಣತಂತುವನ್ನು ಪಡೆದ ಗಂಡುಮರಿಯು ಬದುಕಲಾರದು; ಆದುದರಿಂದ ಸೀಸೆಯಲ್ಲಿ ಕಾಣುವ ಗಂಡುಗಳೆಲ್ಲವೂ ಅಜ್ಜನಿಂದ ಬಂದ ವರ್ಣತಂತುವುಳ್ಳವು. ಯಾವ ಸೀಸೆಯಲ್ಲಿ ಗಂಡು ನೊಣವೊಂದೂ ಕಾಣದೋ, ಆ ಸೀಸೆಯಲ್ಲಿ ಅಜ್ಜನ ವರ್ಣತಂತುವಿನಲ್ಲಿಯೂ ಪ್ರಾಣಹಾರಿಯಾದ ಬದಲಾವಣೆಯೊಂದು ಆಗಿರುವುದೆಂದು ನಿರ್ಧರಿಸಬಹುದು. ಮುಲ್ಲರನು ಕಂಡುಹಿಡಿದ ಈ ಜಾಣತನದ ಲೆಕ್ಕವನ್ನು ಆಕೆಯು ನೂರಾರು ಸೀಸೆಗಳಲ್ಲಿ ಅಲಸದೆ ನಡೆಯಿಸಿದಳು. ಅನಿಲ ತಾಕದ ನೊಣಗಳ ವಂಶದಲ್ಲಿ ಇಂತಹ ಸೀಸೆಗಳು ಬಹಳ ವಿರಳ. ಅನಿಲ ತಾಕಿದವುಗಳ ವಂಶದಲ್ಲಿಯಾದರೋ ಅನೇಕ ಪಾಲು ಹೆಚ್ಚು. 1941ರಲ್ಲಿ ಫಲಿತಾಂಶವು ನಿಸ್ಸಂದೇಹವಾಯಿತು. ಮುಲ್ಲರನು ಅಮೆರಿಕದಿಂದ ತಂತಿಯ ಮೂಲಕ ಅಭಿನಂದನೆಯನ್ನು ಕಳುಹಿಸಿದನು.

ಆದರೆ ಈ ಸಂತೋಷವನ್ನು ಲೋಕದೊಡನೆ ಹಂಚಿಕೊಳ್ಳುವ ಸ್ವಾತಂತ್ರ್ಯವು ಆಕೆಗಿರಲಿಲ್ಲ. ಯುದ್ಧದ ವಿಷವಾದುದರಿಂದ ಎಲ್ಲವೂ ರಹಸ್ಯ. 1944ರಲ್ಲಿ ಪದಾರ್ಥದ ಹೆಸರನ್ನು ಹೇಳದೆ ಚಿಕ್ಕ ಪ್ರಕಟನೆಯೊಂದು ಹೊರಟಿತು. ಯುದ್ಧವು ಮುಗಿದ ತರುವಾಯ, 1946ರಲ್ಲಿ, ಆಕೆಯ ಮತ್ತು ರಾಬ್ಸನ್ನನ ಹೆಸರಿನಲ್ಲಿ ಸ್ಪಷ್ಟವಾದ ವರದಿಯು ಬಂದಿತು. ಅದೇ ಕಾಲದಲ್ಲಿ ರಷ್ಯಾದಲ್ಲಿ ರಾಪೊಪೋರ್ಟ್ ಎಂಬ ವಿಜ್ಞಾನಿಯೂ ಬೇರೆ ರಾಸಾಯನಿಕಗಳಿಂದ ಸ್ವತಂತ್ರವಾಗಿ ಇದನ್ನೇ ಕಂಡುಹಿಡಿದಿದ್ದನೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ವಂಶವಾಹಿಯು ಡಿ.ಎನ್.ಎ. ಎಂಬ ಪದಾರ್ಥದಿಂದಾದುದೆಂಬ ವಿಷಯವು ಆಗ ಎಲ್ಲರಿಗೂ ಮನದಟ್ಟಾಗಿರಲಿಲ್ಲ. ಅದರ ಆಕಾರವು ತಿಳಿದುದು 1953ರಲ್ಲಿ. ಬೀಗದ ಒಳರಚನೆಯನ್ನು ಕಾಣುವ ಮೊದಲೇ ಆಕೆಯು ಅದನ್ನು ಕೆಡಿಸುವ ತುಕ್ಕನ್ನು ಕಂಡುಹಿಡಿದಿದ್ದಳು.

ತರುವಾಯ ಗೌರವಗಳು ತಾವಾಗಿಯೇ ಬಂದವು. 1957ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತು. 1967ರಲ್ಲಿ ಪ್ರೊಫೆಸರ್ ಪದವಿ. 1976ರಲ್ಲಿ ಡಾರ್ವಿನ್ ಪದಕ. ಆದರೆ ಉಪಾಧ್ಯಾಯಿನಿಯ ಗುಣವು ಆಕೆಯನ್ನು ಬಿಡಲಿಲ್ಲ. ಉಪನ್ಯಾಸಗಳು ನೀರಿನಂತೆ ತಿಳಿಯಾಗಿದ್ದವು. ಪರಮಾಣು ಯುಗದ ಅಪಾಯಗಳನ್ನು ಸಾಮಾನ್ಯರಿಗೆ ತಿಳಿಸಲು 1956ರಲ್ಲಿ ಪುಸ್ತಕವನ್ನು ಬರೆದಳು. ಮಕ್ಕಳಿಗಾಗಿ ಬೇರೊಂದು ಹೆಸರಿನಿಂದ ಕಥೆಯ ಪುಸ್ತಕವನ್ನೂ ಬರೆದಳು. ಅಣ್ವಸ್ತ್ರಗಳನ್ನೂ ವರ್ಣಭೇದವನ್ನೂ ಬಲವಾಗಿ ವಿರೋಧಿಸಿದಳು. ವಿವಾಹವಾಗದ ಆಕೆಯು ಇಬ್ಬರು ಹುಡುಗರನ್ನು ತನ್ನ ಮಕ್ಕಳಂತೆಯೇ ಸಾಕಿ ಬೆಳೆಸಿದಳು. 1994ನೆಯ ಇಸವಿ ಮಾರ್ಚ್ 17ರಂದು, ತನ್ನ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಎಡಿನ್‌ಬರೋ ನಗರದಲ್ಲಿ ದೈವಾಧೀನಳಾದಳು.

ಆಕೆಯು ಬಿತ್ತಿದ ಬೀಜವು ಮರವಾಗಿ ಬೆಳೆದಿದೆ. 1970ರ ದಶಕದ ಮೊದಲಲ್ಲಿ ಅಮೆರಿಕದ ಬ್ರೂಸ್ ಏಮ್ಸ್ ಎಂಬಾತನು ನೊಣಗಳಿಗೆ ಬದಲಾಗಿ ಸೂಕ್ಷ್ಮಾಣುಗಳಿಂದ ಕೆಲವೇ ದಿನಗಳಲ್ಲಿ ಮುಗಿಯುವ ಪರೀಕ್ಷೆಯೊಂದನ್ನು ರಚಿಸಿದನು. ಒಂದು ಆಹಾರಾಂಶವನ್ನು ತಾನೇ ತಯಾರಿಸಿಕೊಳ್ಳಲಾರದ ಸೂಕ್ಷ್ಮಾಣುವನ್ನು ಆ ಅಂಶವು ಸಾಲದಿರುವ ತಟ್ಟೆಯಲ್ಲಿ ಹರಡಿ, ಸಂದೇಹವುಳ್ಳ ರಾಸಾಯನಿಕವನ್ನು ಸೇರಿಸುವರು. ಅದರ ವಂಶವಾಹಿಯು ಬದಲಾದರೆ ಮಾತ್ರ ಅದು ಬೆಳೆದು ಚುಕ್ಕೆಚುಕ್ಕೆಯಾಗಿ ಕಾಣಿಸಿಕೊಳ್ಳುವುದು. ಚುಕ್ಕೆಗಳು ಹೆಚ್ಚಿದಷ್ಟೂ ಸಂದೇಹವು ಹೆಚ್ಚು. ಇಂದು ಹೊಸ ಔಷಧವು ಜನರ ಕೈಸೇರುವ ಮುನ್ನ ಇಂತಹ ಪರೀಕ್ಷೆಗಳನ್ನು ದಾಟಿ ಬರಬೇಕು. ಆದರೂ ಆಕೆಯು ಎಚ್ಚರಿಸುತ್ತಿದ್ದುದು ಮರೆಯತಕ್ಕುದಲ್ಲ: ಉತ್ಪರಿವರ್ತನೆಯು ಕೇವಲ ರಸಾಯನಕ್ರಿಯೆಯಲ್ಲ, ಜೀವಂತ ಕೋಶದ ವ್ಯಾಪಾರ; ಒಂದು ಪ್ರಾಣಿಯಲ್ಲಿ ಕಂಡುದನ್ನು ವಿಚಾರಿಸದೆ ಇನ್ನೊಂದಕ್ಕೆ ಅನ್ವಯಿಸಬಾರದು. ಇತ್ತ ಕೊಲ್ಲುವುದಕ್ಕಾಗಿ ಮಾಡಿದ ಆ ಅನಿಲದ ಹತ್ತಿರದ ಬಂಧುವಾದ ಪದಾರ್ಥವನ್ನೇ ಅಮೆರಿಕದ ವೈದ್ಯರು 1942ರಲ್ಲಿ ಅರ್ಬುದ ರೋಗಕ್ಕೆ ಔಷಧವಾಗಿ ಪ್ರಯೋಗಿಸಿದರು. ಒಂದೇ ಜ್ಞಾನವು ವಿಷವೂ ಆಗುವುದು, ಮದ್ದೂ ಆಗುವುದು. ಹಿಡಿದ ಕೈಯೇ ಅದನ್ನು ನಿರ್ಣಯಿಸುವುದು.

ಈ ಶಾಸ್ತ್ರವು ದೂರದೇಶದ್ದೆಂದು ನಮ್ಮ ಮಕ್ಕಳು ಭಾವಿಸಬೇಕಾಗಿಲ್ಲ. ಅನುವಂಶೀಯತೆಯನ್ನು ಕುರಿತು 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪ್ರಸಿದ್ಧ ಪತ್ರಿಕೆಯೊಂದನ್ನು ಹಾಲ್ಡೇನ್ ಎಂಬ ವಿಜ್ಞಾನಿಯು ತನ್ನೊಡನೆ ಭಾರತಕ್ಕೆ ತಂದನು. 1985ರಿಂದ ಅದನ್ನು ನಮ್ಮ ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯೇ ಹೊರಡಿಸುತ್ತಿದೆ. ಬಸವನಗುಡಿಯಿಂದಲೋ ಚಾಮರಾಜಪೇಟೆಯಿಂದಲೋ ಬಸ್ಸು ಹತ್ತಿ ಅಲ್ಲಿಗೆ ಹೋಗಿಬರುವುದು ಒಂದು ದಿನದ ಮಾತು.

ತಲಾಂತುಗಳ ಸಾಮ್ಯದಲ್ಲಿ ತನಗೆ ದೊರೆತುದನ್ನು ಮಣ್ಣಿನಲ್ಲಿ ಹೂಳಿಟ್ಟ ಸೇವಕನು ಖಂಡನೆಗೆ ಪಾತ್ರನಾದನು. ಶಾರ್ಲೊಟ್ಟಳ ತಲಾಂತನ್ನು ಇತರರು ಹೂಳಲು ಯತ್ನಿಸಿದರು. ಆಕೆಯು ಅದನ್ನು ಎತ್ತಿಕೊಂಡು ಪರದೇಶಕ್ಕೆ ನಡೆದು, ಅಲ್ಲಿ ನೂರ್ಮಡಿಯಾಗಿ ಬೆಳೆಯಿಸಿದಳು. ನಮ್ಮ ಶಾಲೆಯಿಂದ ಹೊರಡುವ ಪ್ರತಿಯೊಬ್ಬ ಹುಡುಗಿಗೂ ಆ ಧೈರ್ಯವೂ ತಾಳ್ಮೆಯೂ ದೊರೆಯಲಿ. ಎದ್ದುನಿಂತು ಕೇಳುವ ಹುಡುಗಿಯ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ಸಹನೆಯನ್ನು ಉಪಾಧ್ಯಾಯಿನಿಯರಾದ ನಮಗೂ ದೇವರು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.