ಉಪ್ಪುನೀರಿನಲ್ಲಿ ಹೃದಯದ ಗುಟ್ಟು ಕಂಡ ಡಾ. ಸಿಡ್ನಿ ರಿಂಗರ್

ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕದಲ್ಲಿ ಔಷಧದ ನೀರಿನ ಬಾಟಲಿ ತೂಗುಹಾಕಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಜನರು ಅದನ್ನು ‘ಗ್ಲೂಕೋಸ್ ಹಾಕಿದ್ದಾರೆ’ ಎಂದೇ ಹೇಳುವುದು ವಾಡಿಕೆ. ಆದರೆ ಹಲವು ಬಾಟಲಿಗಳ ಮೇಲೆ ‘ರಿಂಗರ್ ಲ್ಯಾಕ್ಟೇಟ್’ ಎಂದು ಅಚ್ಚಾಗಿರುತ್ತದೆ. ಈ ರಿಂಗರ್ ಒಬ್ಬ ವೈದ್ಯರು. ಹೃದಯವು ಸರಿಯಾಗಿ ಬಡಿಯಬೇಕಾದರೆ ಅದನ್ನು ತೋಯಿಸುವ ದ್ರವದಲ್ಲಿ ಯಾವ ಲವಣಗಳು ಯಾವ ಹದದಲ್ಲಿರಬೇಕು ಎಂಬುದನ್ನು ತೋರಿಸಿಕೊಟ್ಟ ಮಹನೀಯರು. ಇಂದು ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಮಾಡುವಾಗ ಅವರ ಹೃದಯವನ್ನು ಕಾಪಾಡುವುದಕ್ಕೂ ಇದೇ ತಿಳಿವಳಿಕೆ ಬೇಕು. ಆದುದರಿಂದ ರಿಂಗರರ ಜೀವನವನ್ನು ನಾವು ಅರಿಯಬೇಕಾಗಿದೆ.

ಸಿಡ್ನಿ ರಿಂಗರರು 1830ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಅವರ ತಮ್ಮ ಫ್ರೆಡರಿಕ್ ಜಪಾನಿನ ನಾಗಸಾಕಿಗೆ ಹೋಗಿ ದೊಡ್ಡ ವ್ಯಾಪಾರಿಯಾದರೆ, ಸಿಡ್ನಿಯವರು ವೈದ್ಯವಿದ್ಯೆಯನ್ನು ಆರಿಸಿಕೊಂಡರು. 1854ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ, 1860ರಲ್ಲಿ ಪದವಿ ಪಡೆದರು. 1863ರಲ್ಲಿ ಎಂ.ಡಿ. ಪದವಿಯೂ ದೊರೆಯಿತು. ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯರಾಗಿ, ಮುಂದೆ ಪ್ರಾಧ್ಯಾಪಕರಾಗಿ, 1900ರಲ್ಲಿ ನಿವೃತ್ತರಾಗುವವರೆಗೂ ದುಡಿದರು. 1869ರಲ್ಲಿ ಅವರು ಬರೆದ ಚಿಕಿತ್ಸಾಶಾಸ್ತ್ರದ ಕೈಪಿಡಿ ಹದಿಮೂರು ಮುದ್ರಣಗಳನ್ನು ಕಂಡಿತು.

ಹೆಸರು, ಗೌರವ ಎಲ್ಲವೂ ಇದ್ದ ವೈದ್ಯರು ಅಷ್ಟಕ್ಕೇ ತೃಪ್ತರಾಗಬಹುದಿತ್ತು. ರಿಂಗರರು ಹಾಗೆ ಮಾಡಲಿಲ್ಲ. ರೋಗಿಗಳನ್ನು ನೋಡುವ ಕೆಲಸದ ನಡುವೆ ಬಿಡುವು ಮಾಡಿಕೊಂಡು ಪ್ರಯೋಗಾಲಯದಲ್ಲಿ ಕೂಡುತ್ತಿದ್ದರು. ಕಪ್ಪೆಯ ಹೃದಯವನ್ನು ಹೊರತೆಗೆದು ಹದವಾದ ಉಪ್ಪುನೀರು ಹಾಯಿಸಿದರೆ ಅದು ದೇಹದ ಹೊರಗೂ ಕೆಲಕಾಲ ಮಿಡಿಯುತ್ತದೆ. ರಕ್ತದಲ್ಲಿರುವ ಯಾವ ವಸ್ತು ಈ ಮಿಡಿತವನ್ನು ಉಳಿಸುತ್ತದೆ ಎಂಬುದೇ ಅವರ ಪ್ರಶ್ನೆ. 1882ರಲ್ಲಿ ಅವರು ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು.

ಅನಂತರ ಒಂದು ವಿಷಯ ಬೆಳಕಿಗೆ ಬಂತು. ಉಪ್ಪುನೀರನ್ನು ಬಟ್ಟಿ ಇಳಿಸಿದ ಶುದ್ಧ ನೀರಿನಿಂದ ಮಾಡಿದ್ದೆಂದು ಅವರು ನಂಬಿದ್ದರು. ವಾಸ್ತವವಾಗಿ ಅದನ್ನು ಮಾಡಿದ್ದು ನಲ್ಲಿಯ ನೀರಿನಿಂದ! ಲಂಡನ್ನಿನ ನ್ಯೂ ರಿವರ್ ಕಂಪೆನಿ ಒದಗಿಸುತ್ತಿದ್ದ ಆ ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕರಗಿತ್ತು. ರಿಂಗರರು ಬಟ್ಟಿ ಇಳಿಸಿದ ನೀರಿನಿಂದಲೇ ಪ್ರಯೋಗವನ್ನು ಮತ್ತೆ ಮಾಡಿದರು. ಈ ಬಾರಿ ಹೃದಯದ ಮಿಡಿತ ಕುಗ್ಗುತ್ತ ಬಂದು ಸುಮಾರು 20 ನಿಮಿಷಗಳಲ್ಲಿ ನಿಂತೇಹೋಯಿತು. ಚಿಟಿಕೆಯಷ್ಟು ಕ್ಯಾಲ್ಸಿಯಂ ಲವಣ ಬೆರೆಸಿದಾಗ ಬಲ ಮರಳಿತು. ಆದರೆ ಕ್ಯಾಲ್ಸಿಯಂ ಒಂದೇ ಹೆಚ್ಚಾದರೆ ಹೃದಯ ಬಿಗಿದುಕೊಂಡು ಸಡಿಲವಾಗಲಾರದು. ಪೊಟ್ಯಾಸಿಯಂ ಅದನ್ನು ಸಡಿಲಗೊಳಿಸುತ್ತದೆ; ಅದೂ ಅತಿಯಾದರೆ ಹೃದಯ ಸಡಿಲವಾಗಿಯೇ ನಿಲ್ಲುತ್ತದೆ. ಎರಡೂ ಹದವಾಗಿದ್ದರೆ ಮಾತ್ರ ಬಡಿತ ಸಾಗುತ್ತದೆ.

1883ರಲ್ಲಿ ರಿಂಗರರು ತಮ್ಮ ಹಿಂದಿನ ಲೇಖನದ ನೀರು ನಲ್ಲಿಯದೆಂಬುದನ್ನು ಮುಚ್ಚಿಡದೆ ಅಚ್ಚು ಹಾಕಿಸಿದರು. ನೀರನ್ನು ಕೊಟ್ಟ ಕಂಪೆನಿಯ ಹೆಸರನ್ನೂ ಬಿಡಲಿಲ್ಲ. ದೊಡ್ಡ ಹೆಸರಿನ ವೈದ್ಯರು ತಮ್ಮ ತಪ್ಪನ್ನು ತಾವೇ ತಿದ್ದಿದುದರಿಂದ ಜಗತ್ತಿಗೆ ‘ರಿಂಗರ್ ದ್ರಾವಣ’ ದೊರೆಯಿತು. 1885ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯರಾದ ಹಾರ್ಟ್‌ಮನ್ನರು ಈ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದರು. ನಾವು ಬಾಟಲಿಯ ಮೇಲೆ ಓದುವ ಹೆಸರು ಹೀಗೆ ಬಂತು.

ಇನ್ನು ಡಯಾಲಿಸಿಸ್ ಎಂಬ ಮಾತಿಗೆ ಬರೋಣ. ರಿಂಗರರು ಕಾಲೇಜು ಸೇರಿದಾಗ ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಥಾಮಸ್ ಗ್ರಹಾಂ. ತೆಳುವಾದ ಪೊರೆಯ ಮೂಲಕ ಲವಣದಂಥ ಸಣ್ಣ ಕಣಗಳು ದಾಟುತ್ತವೆ, ಅಂಟಿನಂಥ ದೊಡ್ಡ ಕಣಗಳು ದಾಟಲಾರವು ಎಂದು ತೋರಿಸಿ, 1861ರಲ್ಲಿ ಅದಕ್ಕೆ ‘ಡಯಾಲಿಸಿಸ್’ ಎಂಬ ಹೆಸರಿಟ್ಟವರು ಅವರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಹಾಲೆಂಡಿನ ಕಾಂಪೆನ್ ಪಟ್ಟಣದ ವೈದ್ಯ ವಿಲ್ಲೆಮ್ ಕೋಲ್ಫ್ ಇದೇ ತತ್ವದ ಮೇಲೆ ಕೃತಕ ಮೂತ್ರಪಿಂಡವನ್ನು ರಚಿಸಿ ರೋಗಿಗಳ ಮೇಲೆ ಬಳಸಿದರು. 1945ರಲ್ಲಿ ಅದರಿಂದ ಒಬ್ಬ ವೃದ್ಧೆಯ ಪ್ರಾಣ ಉಳಿಯಿತು.

ಈ ಯಂತ್ರದಲ್ಲಿ ಪೊರೆಯ ಒಂದು ಬದಿಗೆ ರೋಗಿಯ ರಕ್ತ, ಇನ್ನೊಂದು ಬದಿಗೆ ಲವಣಗಳ ದ್ರವ ಹರಿಯುತ್ತವೆ. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಯಲ್ಲಿ ಸುಮಾರು 120 ಲೀಟರ್ ದ್ರವ ಹಾಯುತ್ತದೆ. ಲವಣಗಳು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಸಾಗುತ್ತವೆ. ಆದುದರಿಂದ ದ್ರವದ ಹದವೇ ರಕ್ತದ ಹದವನ್ನು ನಿರ್ಧರಿಸುತ್ತದೆ. ಆರೋಗ್ಯವಂತರ ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಕೆಟ್ಟಾಗ ಅದು ಏರಿ ಹೃದಯಕ್ಕೆ ಅಪಾಯ ತರುತ್ತದೆ. ಹಾಗೆಂದು ದ್ರವದಲ್ಲಿ ಪೊಟ್ಯಾಸಿಯಮ್ಮನ್ನು ತೀರ ಇಳಿಸಿದರೆ ರಕ್ತದಿಂದ ಅದು ಒಮ್ಮೆಲೇ ಸೆಳೆದುಹೋಗಿ ಬಡಿತದ ಲಯ ತಪ್ಪಬಹುದು. ಸಾಮಾನ್ಯವಾಗಿ 2 ಅಥವಾ 3 ಮಿಲಿಮೋಲ್ ಇಡುತ್ತಾರೆ. ದ್ರವದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ರಕ್ತದ ಒತ್ತಡ ಇಳಿಯಬಹುದು, ಲಯವೂ ಕೆಡಬಹುದು. ಬಹುಕಾಲ ಹೆಚ್ಚಾದರೆ ರಕ್ತನಾಳಗಳ ಗೋಡೆಗೆ ಸುಣ್ಣ ಕಟ್ಟಬಹುದು. ಆದ್ದರಿಂದ ವೈದ್ಯರು ರಕ್ತಪರೀಕ್ಷೆ ನೋಡಿ ರೋಗಿಗೆ ತಕ್ಕ ದ್ರವವನ್ನು ಆರಿಸುತ್ತಾರೆ. ನಲ್ಲಿಯ ನೀರನ್ನು ಮೊದಲು ಸಂಪೂರ್ಣ ಶುದ್ಧಗೊಳಿಸಿ, ಆಮೇಲೆಯೇ ಲವಣಗಳನ್ನು ಅಳೆದು ಬೆರೆಸುತ್ತಾರೆ. ಗಡಸು ನೀರು ಶುದ್ಧವಾಗದೆ ಯಂತ್ರ ಸೇರಿದರೆ ರೋಗಿಗೆ ವಾಂತಿ, ರಕ್ತದ ಒತ್ತಡದ ಏರಿಕೆ ಉಂಟಾಗುತ್ತವೆಂದು 1960ರ ದಶಕದಲ್ಲಿಯೇ ತಿಳಿದುಬಂತು. ರಿಂಗರರ ಕಪ್ಪೆಯ ಹೃದಯವನ್ನು ಮಿಡಿಸಿದ ಅದೇ ಸುಣ್ಣದ ಅಂಶ, ಅಳತೆಯಿಲ್ಲದೆ ಬಂದರೆ ಅಪಾಯವನ್ನೂ ತರಬಲ್ಲದು.

ಇಲ್ಲಿ ಪಾಲಕರು ಗಮನಿಸಬೇಕಾದ ಮಾತೊಂದಿದೆ. ಎಳನೀರು, ಬಾಳೆಹಣ್ಣು ನಮಗೆ ಒಳ್ಳೆಯ ಆಹಾರ. ಆದರೆ ಅವುಗಳಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಬಂಧುಗಳನ್ನು ನೋಡಲು ಹೋದಾಗ ವೈದ್ಯರನ್ನು ಕೇಳದೆ ಪ್ರೀತಿಯಿಂದ ಎಳನೀರು ಕುಡಿಸುವುದು ಸಲ್ಲದು. ಡಯಾಲಿಸಿಸ್ಸಿನ ದಿನವನ್ನು ತಪ್ಪಿಸಲೂ ಬಾರದು. ಎರಡು ಸರದಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಹೃದಯಕ್ಕೆ ಅಪಾಯ ಹೆಚ್ಚು.

ರಿಂಗರರ ಮನೆಯಲ್ಲಿ ದುಃಖವೂ ಇತ್ತು. ಅವರ ಒಬ್ಬ ಮಗಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಅವಳ ನೆನಪಿಗಾಗಿ ಯಾರ್ಕ್‌ಷೈರಿನ ಲಾಸ್ಟಿಂಗ್‌ಹ್ಯಾಂ ಹಳ್ಳಿಯ ಪುರಾತನ ಚರ್ಚನ್ನು 1879ರಲ್ಲಿ ಜೀರ್ಣೋದ್ಧಾರ ಮಾಡಿಸಿದರು. ನಿವೃತ್ತಿಯ ನಂತರ ಅದೇ ಹಳ್ಳಿಯಲ್ಲಿ ನೆಲೆಸಿ, 1910ರ ಅಕ್ಟೋಬರ್ 14ರಂದು ತೀರಿಕೊಂಡರು.

ವಿದ್ಯಾರ್ಥಿಗಳೇ, ನಮ್ಮ ಪ್ರಯೋಗಗಳಲ್ಲಿಯೂ ಒಮ್ಮೊಮ್ಮೆ ಉತ್ತರ ಸರಿಹೊಂದುವುದಿಲ್ಲ. ಆಗ ಪಕ್ಕದವರ ಪುಸ್ತಕ ನೋಡಿ ಅಂಕಿಯನ್ನು ತಿದ್ದುವ ಬದಲು, ಬಳಸಿದ ನೀರು ಯಾವುದು, ಉಪ್ಪು ಎಷ್ಟು ಎಂದು ಮತ್ತೊಮ್ಮೆ ನೋಡೋಣ. ಕಂಡದ್ದನ್ನು ಕಂಡಂತೆ ಬರೆಯೋಣ. ರಿಂಗರರು ಮಾಡಿದ್ದೂ ಅಷ್ಟೇ. ಅದರ ಫಲವನ್ನು ಇಂದು ಲಕ್ಷಾಂತರ ರೋಗಿಗಳು ಉಣ್ಣುತ್ತಿದ್ದಾರೆ.