ಮನೆ ಖರ್ಚು, ಸರ್ಕಾರದ ಖರ್ಚು ಎರಡೂ ಒಂದೇನಾ? ಕೇನ್ಸ್ ಕಥೆ ನೋಡಿ

ಸಂಪಾದನೆಗಿಂತ ಹೆಚ್ಚು ಖರ್ಚು ಮಾಡಿದರೆ ಮನೆ ಮುಳುಗುತ್ತದೆ, ಸರ್ಕಾರವೂ ಅಷ್ಟೇ. ಬಜೆಟ್ ಸಮಯದಲ್ಲಿ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಗುಂಡಿ ತೋಡಿಸಿ ಮುಚ್ಚಿಸಿ ಕೂಲಿ ಕೊಡಿ ಎಂದು ಅರ್ಥಶಾಸ್ತ್ರಜ್ಞ ಕೇನ್ಸ್ ಹೇಳಿದ್ದರು ಎಂಬ ಮಾತೂ ಓಡಾಡುತ್ತದೆ. ಎರಡೂ ಅರ್ಧಸತ್ಯ ಎನ್ನುತ್ತೇವೆ ನಾವು.

ಜಾನ್ ಮೇನಾರ್ಡ್ ಕೇನ್ಸ್ ಹುಟ್ಟಿದ್ದು 1883ರಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಮೊದಲ ಕೆಲಸ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ. 1913ರಲ್ಲಿ ಬಂದ ಮೊದಲ ಪುಸ್ತಕ ಭಾರತದ ರೂಪಾಯಿಯ ಬಗ್ಗೆಯೇ. ಆದರೆ ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ!

ಸಾಲದ ಬಿಸಿ ಅವರಿಗೆ ಚೆನ್ನಾಗಿ ಗೊತ್ತಿತ್ತು. 1920ರಲ್ಲಿ ವಿದೇಶಿ ಕರೆನ್ಸಿ ವ್ಯವಹಾರದಲ್ಲಿ ಕೈ ಸುಟ್ಟುಕೊಂಡು, ಶ್ರೀಮಂತರೊಬ್ಬರಿಂದ 5,000 ಪೌಂಡ್ ಸಾಲ ಪಡೆದರು. ಮುಂದೆ ದುಡಿದು ತೀರಿಸಿದರು. ಮನೆಯ ಲೆಕ್ಕದಲ್ಲಿ ಅದೇ ದಾರಿ.

1929ರ ನಂತರ ಜಗತ್ತೇ ಕುಸಿಯಿತು. ಬ್ರಿಟನ್‌ನಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಸರ್ಕಾರ ಮನೆ ಯಜಮಾನನಂತೆ ಕೈ ಬಿಗಿಹಿಡಿದು, 1931ರಲ್ಲಿ ನಿರುದ್ಯೋಗ ಭತ್ಯೆಯನ್ನೂ ಶೇ 10ರಷ್ಟು ಕಡಿತ ಮಾಡಿತು. ಕೇನ್ಸ್ ಇದನ್ನು ವಿರೋಧಿಸಿದರು. ಯಾಕೆ? ನೀವೊಬ್ಬರು ಈ ವರ್ಷ ಹೊಸ ಚಪ್ಪಲಿ ಕೊಳ್ಳದಿದ್ದರೆ ನಿಮ್ಮ ಸಂಬಳವೇನೂ ಕಡಿಮೆಯಾಗುವುದಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಕೊಳ್ಳುವುದು ಬಿಟ್ಟರೆ ಅಂಗಡಿಗೆ ವ್ಯಾಪಾರವಿಲ್ಲ, ಕಾರ್ಖಾನೆಗೆ ಆರ್ಡರ್ ಇಲ್ಲ, ಕಾರ್ಮಿಕನಿಗೆ ಕೂಲಿ ಇಲ್ಲ. ಒಬ್ಬರ ಖರ್ಚೇ ಇನ್ನೊಬ್ಬರ ಆದಾಯ. ಆಗ ಸರ್ಕಾರವೂ ಖರ್ಚು ನಿಲ್ಲಿಸಿದರೆ ತೆರಿಗೆ ಇನ್ನಷ್ಟು ಇಳಿದು, ಉಳಿಸಲು ಹೊರಟ ಹಣವೂ ಪೂರ್ತಿ ಉಳಿಯುವುದಿಲ್ಲ. 1936ರ ಅವರ ಪ್ರಸಿದ್ಧ ಗ್ರಂಥದ ತಿರುಳು ಇದೇ.

ಇನ್ನು ಗುಂಡಿಯ ವಿಷಯ. ನೋಟು ತುಂಬಿದ ಬಾಟಲಿಗಳನ್ನು ಹಳೆಯ ಗಣಿಯಲ್ಲಿ ಹೂತು ಜನರಿಂದ ತೆಗೆಸಿದರೂ ಸುಮ್ಮನಿರುವುದಕ್ಕಿಂತ ವಾಸಿ ಎಂದು ಅವರು ಅದೇ ಗ್ರಂಥದಲ್ಲಿ ವ್ಯಂಗ್ಯವಾಗಿ ಬರೆದಿದ್ದರು. ಮನೆ ಕಟ್ಟಿಸುವುದು ಇನ್ನೂ ಒಳ್ಳೆಯದು ಎಂದೂ ಅಲ್ಲೇ ಬರೆದಿದ್ದಾರೆ. ಫಾರ್ವರ್ಡ್ ಮಾಡುವವರು ಈ ಭಾಗ ಬಿಟ್ಟುಬಿಡುತ್ತಾರೆ.

ಹಾಗಾದರೆ ಸರ್ಕಾರ ಯಾವಾಗಲೂ ಸಾಲ ಮಾಡಿ ಖರ್ಚು ಮಾಡಬಹುದೇ? ಇಲ್ಲ. 1940ರಲ್ಲಿ, ಯುದ್ಧದಿಂದಾಗಿ ಎಲ್ಲರಿಗೂ ಕೆಲಸ ಸಿಕ್ಕು ಸಾಮಾನು ಕಡಿಮೆಯಾದಾಗ, ಬೆಲೆ ಏರದಂತೆ ಸಂಬಳದ ಒಂದು ಭಾಗವನ್ನು ಹಿಡಿದಿಟ್ಟು ಯುದ್ಧದ ನಂತರ ಕೊಡಿ ಎಂದವರೂ ಇದೇ ಕೇನ್ಸ್.

ಅವರ ಕೊನೆಯ ದೊಡ್ಡ ಕೆಲಸ ಸಾಲ ಕೇಳುವುದೇ ಆಗಿತ್ತು. ಯುದ್ಧದಲ್ಲಿ ಬರಿದಾದ ಬ್ರಿಟನ್ ಪೌಂಡನ್ನು ಮುದ್ರಿಸಬಹುದಿತ್ತು, ಡಾಲರನ್ನಲ್ಲ. ಹೃದ್ರೋಗವಿದ್ದರೂ 1945ರಲ್ಲಿ ಅಮೆರಿಕಕ್ಕೆ ಹೋಗಿ 375 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಸಿ ಬಂದರು. 1946ರ ಏಪ್ರಿಲ್ 21ರಂದು ತೀರಿಕೊಂಡರು. ಆ ಸಾಲದ ಕೊನೆಯ ಕಂತನ್ನು ಬ್ರಿಟನ್ ಕಟ್ಟಿದ್ದು 2006ರ ಡಿಸೆಂಬರ್‌ನಲ್ಲಿ.