ಸರ್ ಎಂವಿ ಮತ್ತು ನಮ್ಮ ವರ್ಕ್‌ಶಾಪಿನ ಹಳೇ ಗೇರ್‌ಬಾಕ್ಸ್

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಸರ್ ಎಂವಿ ಫೋಟೋಗೆ ಹಾರ ಹಾಕ್ತೀವಿ, ಭಾಷಣ ಕೇಳ್ತೀವಿ, ಸ್ವೀಟ್ ತಿಂದು ಕ್ಲಾಸಿಗೆ ಹೋಗ್ತೀವಿ. ಈ ಸಲ ಅವರು ನೆನಪಾಗಿದ್ದು ವರ್ಕ್‌ಶಾಪಿನಲ್ಲಿ, ಕೈತುಂಬ ಎಣ್ಣೆ ಮೆತ್ತಿಕೊಂಡಿದ್ದಾಗ.

ಹಳೇ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಟಾರ್ಕ್ ಕನ್ವರ್ಟರ್ ಕೂರಿಸೋದು ನಮ್ಮ ಕೆಲಸ. ಮೊದಲು ಅದರೊಳಗೆ ಒಂದು ಲೀಟರಿನಷ್ಟು ಆಯಿಲ್ ಹಾಕಬೇಕು, ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆದಾಗ ಪಂಪು ಸ್ವಲ್ಪ ಹೊತ್ತು ಒಣಗೇ ತಿರುಗುತ್ತೆ. ಆಮೇಲೆ ಮೆಲ್ಲಗೆ ತಿರುಗಿಸ್ತಾ ಒಳಗೆ ತಳ್ಳಬೇಕು. ಇನ್‌ಪುಟ್ ಶಾಫ್ಟ್, ಸ್ಟೇಟರ್, ಪಂಪು, ಮೂರೂ ಕಡೆ ಸರಿಯಾಗಿ ಕೂರಬೇಕು. ಎರಡು ಕಡೆ ಕೂತಿದ್ದೇ ಸಾಕು ಅಂತ ನಾವು ಬೋಲ್ಟ್ ಬಿಗಿಯೋಕೆ ಹೊರಟಿದ್ವಿ. ಮೇಷ್ಟ್ರು ತಡೆದರು. ಬಿಗಿದಿದ್ದರೆ ಪಂಪೇ ಒಡೆಯುತ್ತಿತ್ತು.

ಇಲ್ಲಿ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸೋದು ಎಣ್ಣೆ. ಕ್ಲಚ್ ತುಳಿಯೋ ಕಾಲು ಬೇಕಿಲ್ಲ. ಇದೇ ಥರ ನೀರಿನಿಂದಲೇ ಕೆಲಸ ಮಾಡಿಸಿದವರು ಸರ್ ಎಂವಿ.

ನಂದಿ ಬೆಟ್ಟದ ಹತ್ತಿರದ ಮುದ್ದೇನಹಳ್ಳಿ ಅವರ ಊರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಖರ್ಚಿಗೆ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಬಾಂಬೆ ಸರ್ಕಾರದ ಪಿಡಬ್ಲ್ಯೂಡಿ ಸೇರಿದರು.

ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. 1903ರಲ್ಲಿ ಅಲ್ಲಿ ಅವರು ಆಟೊಮ್ಯಾಟಿಕ್ ಗೇಟು ಕೂರಿಸಿದರು. ನೀರು ಗೊತ್ತಾದ ಮಟ್ಟ ದಾಟಿದರೆ ಗೇಟು ತಾನೇ ತೆರೆಯುತ್ತೆ, ಇಳಿದರೆ ತಾನೇ ಮುಚ್ಚುತ್ತೆ. ರಾತ್ರಿ ಪ್ರವಾಹ ಬಂದರೂ ಯಾರೂ ಓಡಿ ಹೋಗಿ ಎತ್ತಬೇಕಿಲ್ಲ. ಕಟ್ಟೆ ಎತ್ತರಿಸದೇ ಹೆಚ್ಚು ನೀರು ನಿಂತಿತು. ಆಮೇಲೆ ಗ್ವಾಲಿಯರಿನ ತಿಗ್ರಾಕ್ಕೂ ನಮ್ಮ ಕೆಆರ್‌ಎಸ್‌ಗೂ ಇಂಥ ಗೇಟು ಬಂದವು.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಲ್ಲಿ ದಿವಾನರು. ಕೆಆರ್‌ಎಸ್ ಕೆಲಸ ಶುರುವಾಯ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ದಾರಿ ಆಯ್ತು. 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ನಮ್ಮಂಥವರು ಇವತ್ತು ಊರ ಹತ್ತಿರವೇ ಓದ್ತಿದ್ದೀವಿ ಅಂದ್ರೆ ಅದರ ಬೇರು ಅಲ್ಲಿದೆ.

ನಮಗೆ ಗೊತ್ತೇ ಇರದಿದ್ದ ವಿಷಯ ಇನ್ನೊಂದು. ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಅವರು ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ಇಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಯಾದರು. ಆದರೆ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಕೊನೆಗೆ ವಾಲಚಂದ್ ಅವರ ಪ್ರೀಮಿಯರ್ ಕಂಪನಿ ಬಾಂಬೆಯಲ್ಲಿ ಶುರುವಾಗಿದ್ದು 1944ರಲ್ಲಿ.

1955ರಲ್ಲಿ ಭಾರತ ರತ್ನ ಬಂತು. 1962ರಲ್ಲಿ, ನೂರು ದಾಟಿದ ಮೇಲೆ, ಅವರು ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಮಾರನೇ ದಿನ ಕನ್ವರ್ಟರನ್ನು ಮತ್ತೆ ತಿರುಗಿಸ್ತಾ ತಳ್ಳಿದ್ವಿ. ಮೂರನೇ ಸಲ ಟಕ್ ಅಂತ ಕೂತ್ಕೊಂಡಿತು. ಖುಷಿಯಾಯ್ತು. ಆದರೆ ಗೇರ್‌ಬಾಕ್ಸ್ ಮೇಲಿದ್ದ ಹೆಸರು ಬೇರೆ ದೇಶದ್ದು. ಕೂರಿಸೋದು ಕಲಿತಿದ್ದೀವಿ, ಮಾಡೋದು ಬಾಕಿ ಇದೆ.